ಕೆಪ್ಪ ಹಲ್ಲು

ಅಲ್ಲ, ಬಲಗಡೆಯದಲ್ಲ, ಎಡಗಡೆಯದೇ ಇರಬೇಕು. ಎದುರಿಗೆ ಕೂತು ನೋಡಿದವಳು ನಾನು. ಎದುರಿಗಿದ್ದವರ ಎಡ ನಮಗೆ ಬಲವಾಗಿ ಕಾಣುತ್ತದೆ. ಹಾಗಾದರೆ ಇಷ್ಟು ವರ್ಷ ಚಿಕ್ಕಿಯ ಬಲದವಡೆ ಎಂದು ನಾನು ನೆನಪಿಟ್ಟುಕೊಂಡದ್ದು ಎಡದವಡೆ. ಇದೊಂದೇ ತಪ್ಪಾಗಿದ್ದರೆ ತಿದ್ದಿಕೊಂಡು ಮುಂದೆ ಹೋಗಬಹುದಿತ್ತು. ಆದರೆ ಒಂದು ಹಲ್ಲನ್ನೇ ಅದರ ಜಾಗದಲ್ಲಿ ಇಟ್ಟುಕೊಳ್ಳಲಾಗದ ತಲೆಯನ್ನು ಉಳಿದ ಸಂಗತಿಗಳಿಗೆ ಎಷ್ಟು ನಂಬಬೇಕು, ನೀವೇ ಹೇಳಿ.

ಅನುಮಾನ ಎದ್ದದ್ದು ಬೆಳಿಗ್ಗೆ ಫೋನಿಗೆ ಬಂದ ಸಂದೇಶದಿಂದ. ಕುಂದಾಪುರದ ಒಂದು ಹಲ್ಲಿನ ಆಸ್ಪತ್ರೆಯದು. "ಪ್ರಿಯ ರುಕ್ಮಿಣಿಯವರೇ, ನಿಮ್ಮ ನಗು ನಮಗೆ ನೆನಪಿದೆ. ನಿಮಗೆ?" ಎಂದು ಕೇಳಿತ್ತು. ರುಕ್ಮಿಣಿ ನನ್ನ ಚಿಕ್ಕಿ, ಅಮ್ಮನ ತಂಗಿ. ಅವಳದು ಗುಂಡಿ ಒತ್ತುವ ಫೋನಾದ್ದರಿಂದ ಆಸ್ಪತ್ರೆಗೆ ಕೊಟ್ಟದ್ದು ನನ್ನ ನಂಬರು. ಹೀಗಾಗಿ ಆರು ತಿಂಗಳಿಗೊಮ್ಮೆ ಒಂದು ಯಂತ್ರ ನನ್ನದಲ್ಲದ ನಗುವಿನ ಯೋಗಕ್ಷೇಮವನ್ನು ನನ್ನಲ್ಲಿ ವಿಚಾರಿಸುತ್ತದೆ. ಜನವರಿ ಒಂದಕ್ಕೆ ಹುಟ್ಟುಹಬ್ಬದ ಹಾರೈಕೆಯೂ ಬರುತ್ತದೆ. ಚಿಕ್ಕಿಗೆ ತಾನು ಹುಟ್ಟಿದ ದಿನ ಗೊತ್ತಿಲ್ಲ. ಫಾರಂ ತುಂಬುವಾಗ ಆ ದಿನ ಹುಟ್ಟಿಸಿದವಳು ನಾನು. ನಮ್ಮ ಸ್ವಂತ ಮಕ್ಕಳು ಮರೆಯುವ ದಿನವನ್ನು ಯಂತ್ರ ಮರೆಯುವುದಿಲ್ಲ, ತಪ್ಪು ದಿನವಾದರೂ ಸರಿಯೇ.

ಈ ಸಲ ಸಂದೇಶದ ಜೊತೆ ಚಿಕ್ಕಿಯ ಬಾಯಿಯೂ ಬಂದಿತ್ತು. ಮೂರು ವರ್ಷದ ಹಿಂದೆ, ಹಲ್ಲು ಕಿತ್ತ ಮೇಲೆ, ಬೆಳಕಿನ ಕಡ್ಡಿಯೊಂದನ್ನು ಒಳಗೆ ಆಡಿಸಿ ತೆಗೆದ ಚಿತ್ರ. ಬೆರಳಿನಿಂದ ತಿರುಗಿಸಿದರೆ ತಿರುಗುತ್ತದೆ. ಕಾಫಿ ಕುಡಿಯುತ್ತ ಅದನ್ನು ತಿರುಗಿಸಿದೆ. ಕೆಳಸಾಲಿನಲ್ಲಿ ಒಂದು ಖಾಲಿ ಜಾಗ. ಎಡಗಡೆ.

ಆ ಜಾಗದಲ್ಲಿದ್ದದ್ದು ಬರೀ ಹಲ್ಲಲ್ಲ, ಅದನ್ನು ಮೊದಲು ಹೇಳಬೇಕು. ಚಿಕ್ಕಿ ಒಣಮೀನಿನ ವ್ಯಾಪಾರದವಳು. ಬೈಂದೂರಿನ ಆಚೆ ಕಡಲ ಬದಿಯಲ್ಲಿ ಮೀನು ಒಣಗಿಸುವವರಿಂದ ಕೊಂಡು, ಕುಂದಾಪುರ, ಬ್ರಹ್ಮಾವರದ ಸಂತೆಗಳಲ್ಲಿ ಮಾರುತ್ತಾಳೆ. ಮಳೆಗಾಲಕ್ಕೆ ಮೊದಲು ಕೋಟ, ಗುಲ್ವಾಡಿಯ ಗುರುತಿನ ಮನೆಗಳಿಗೆ ತಾನೇ ಮುಟ್ಟಿಸುತ್ತಾಳೆ. ಬಸ್ಸಿನಲ್ಲಿ ಅವಳ ಬುಟ್ಟಿ ಕಂಡು ಮೂಗು ಮುಚ್ಚುವವರಿಗೆ "ಮುಚ್ಕಣಿ ಮುಚ್ಕಣಿ, ಊಟಕ್ ಕೂಕಂಡಾಗ ಬಿಡಿ" ಎನ್ನುತ್ತಾಳೆ. ಮೀನು ಒಣಗಿದೆಯೋ ಇಲ್ಲವೋ ಎಂದು ಉಳಿದವರು ಕೈಯಲ್ಲಿ ಮುರಿದು ನೋಡುತ್ತಾರೆ. ಚಿಕ್ಕಿ ರಾಶಿಯ ಅಡಿಯಿಂದ ಒಂದನ್ನು ಎಳೆದು, ಬಾಲದ ಹತ್ತಿರ ಚೂರು ಮುರಿದು, ದವಡೆಯಲ್ಲಿಟ್ಟು ಕಚ್ಚಿ ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ತೀರ್ಪು. ಒಂದೋ "ಅಡ್ಡಿಲ್ಲ." ಇಲ್ಲವೇ "ಇದ್ ಮಳಿ ಕಾಂತಿಲ್ಲ." ಅಂದರೆ ಮಳೆಗಾಲ ಬರುವ ಮೊದಲೇ ಬೂಸ್ಟು ಹಿಡಿಯುತ್ತದೆ ಎಂದು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಗುರುತಿನ ಮನೆಯವರು ಮೀನನ್ನು ನೋಡುತ್ತಲೂ ಇರಲಿಲ್ಲ, "ರುಕ್ಕು ಕಚ್ಚಿದ್ದಾ?" ಎಂದಷ್ಟೇ ಕೇಳುತ್ತಿದ್ದರು.

ಆ ಹಲ್ಲು ಒಡೆಯಿತು. ತಾಟೆ ಮೀನಿನ ಗಟ್ಟಿ ತುಂಡು ಕಚ್ಚಿ ನೋಡುವಾಗ ಎಂದು ಚಿಕ್ಕಿ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಅದು ನಾಮಕರಣವೊಂದರ ಮನೆಯ ಚಕ್ಕುಲಿ. ಸಾಕ್ಷಿ ನಾನೊಬ್ಬಳೇ, ಮತ್ತು ಎಡ ಬಲ ಗೊತ್ತಿಲ್ಲದ ಸಾಕ್ಷಿ. ತಾಟೆಯೇ ಇರಲಿ. ಸೈನಿಕ ಯುದ್ಧದಲ್ಲಿ ಬಿದ್ದ ಎನ್ನಬೇಕು, ಬಚ್ಚಲಲ್ಲಿ ಜಾರಿದ ಎನ್ನಬಾರದು.

ಓದಿದವಳು ಎಂಬ ಹಳೆಯ ಅಪವಾದ ನನ್ನ ಮೇಲೆ ಇರುವುದರಿಂದ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಗಾಜಿನ ಬಾಗಿಲು, ಒಳಗೆ ಫೆಬ್ರವರಿಯಲ್ಲೂ ನಡುಗಿಸುವ ಚಳಿ, ಗೋಡೆಯ ತುಂಬ ನಗುವ ಬಿಳಿಯರು. ಒಬ್ಬರಿಗೂ ಹಲ್ಲುನೋವಿರಲಿಲ್ಲ. ನೋವಿದ್ದವರೆಲ್ಲ ಕುರ್ಚಿಯಲ್ಲಿ ಕೂತು ಅವರನ್ನೇ ನೋಡುತ್ತಿದ್ದೆವು. ಮಲಗಿಸುವ ಕುರ್ಚಿಯ ನೇರಕ್ಕೆ ಮಾಡಿನಲ್ಲಿ ಒಂದು ಟೀವಿ. ರೋಗಿಗಳ ಭಯ ಕಳೆಯಲು ಅದರಲ್ಲಿ ನೀಲಿ ಸಮುದ್ರ, ಬಣ್ಣಬಣ್ಣದ ಮೀನು. ಚಿಕ್ಕಿ ಅಂಗಾತ ಮಲಗಿ ಸ್ವಲ್ಪ ಹೊತ್ತು ಪರೀಕ್ಷಿಸಿದಳು.

"ಹೆಣ್ಣೆ, ಇದ್ರಂಗೆ ಒಂದ್ ಮೀನೂ ಒಣ್ಸುಕಾತಿಲ್ಲ," ಎಂದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಒಳ್ಳೆಯವರು, ವ್ಯಂಗ್ಯಕ್ಕೆ ಸಿಗದಷ್ಟು ಒಳ್ಳೆಯವರಿದ್ದರೆ ನನಗೆ ಸ್ವಲ್ಪ ಕಷ್ಟ. ಬಾಯೊಳಗೆ ಬೆರಳುಗುರಿನಷ್ಟು ದೊಡ್ಡ ತಗಡು ಇಟ್ಟು ಗುಂಡಿ ಒತ್ತಿದರು. ಹಲ್ಲಿನ ಬೇರು ಆ ಕ್ಷಣವೇ ಪರದೆಯ ಮೇಲೆ ಬಂತು. ಆಮೇಲೆ ಬೆಳಕಿನ ಕಡ್ಡಿ. ಅದು ಹೋದಲ್ಲೆಲ್ಲ ಪರದೆಯ ಮೇಲೆ ಹಲ್ಲು ಒಂದೊಂದಾಗಿ ಮೂಡಿ, ಕೊನೆಗೆ ಇಡೀ ಬಾಯಿ ಗೋಡೆಯಷ್ಟು ದೊಡ್ಡದಾಗಿ ನಿಂತಿತು.

"ಇಷ್ಟ್ ದೊಡ್ಡ ಬಾಯಾ ನಂದ್?" ಎಂದು ಚಿಕ್ಕಿ ಕೇಳಿದಳು. ಸಂತೆಯವರು ಬಹಳ ಕಾಲದಿಂದ ಹೇಳುತ್ತಿದ್ದ ಮಾತು ಅಂದು ವೈಜ್ಞಾನಿಕವಾಗಿ ಸಾಬೀತಾಯಿತು.

ಬೇರು ಉದ್ದಕ್ಕೂ ಸೀಳಿದೆ, ಉಳಿಸಲಾಗದು, ತೆಗೆದು ಇಂಪ್ಲಾಂಟ್ ಹಾಕೋಣ ಎಂದರು ಡಾಕ್ಟರು. ಮೂಳೆಗೆ ಒಂದು ಸ್ಕ್ರೂ, ಅದು ಮೂರು ತಿಂಗಳಲ್ಲಿ ಬೇರೂರಿದ ಮೇಲೆ ಅದರ ತಲೆಗೆ ಹೊಸ ಹಲ್ಲು. ಹಲ್ಲನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಯಂತ್ರವೇ ಕೊರೆಯುತ್ತದಂತೆ. ಕಲ್ಲು ಅರೆದರೂ ಏನೂ ಆಗುವುದಿಲ್ಲವಂತೆ. ನಾನು ಎಲ್ಲದಕ್ಕೂ ತಲೆ ಆಡಿಸಿದೆ. ಮೂರು ಪುಟದ ಒಪ್ಪಿಗೆ ಪತ್ರಕ್ಕೆ ಓದದೆ ಸಹಿ ಮಾಡಿದೆ. ಓದಿದವಳೆಂದು ಕರೆದುಕೊಂಡು ಬಂದದ್ದು ಇದಕ್ಕೇ.

ಚಿಕ್ಕಿ ಮಾತ್ರ ಕೇಳಿದಳು, "ಹೊಸ ಹಲ್ಲಿಗ್ ಗೊತ್ತಾತ್ತಾ?"

"ಎಂತ?" ಅಷ್ಟು ಹೊತ್ತು ಪುಸ್ತಕದ ಕನ್ನಡ ಆಡುತ್ತಿದ್ದ ಡಾಕ್ಟರು ಗಾಬರಿಯಲ್ಲಿ ನಮ್ಮ ಭಾಷೆಗೆ ಇಳಿದರು. "ಎಂತ ಗೊತ್ತಾಯ್ಕ್ ಅಮ್ಮ?"

"ಮೀನ್ ಒಣ್ಗಿತ್ತಾ ಇಲ್ದಾ ಅಂದೇಳಿ."

ಡಾಕ್ಟರು ನಗಲಿಲ್ಲ. ಕೈಗವಸು ಕಳಚಿ ಹತ್ತಿರ ಕೂತು ವಿವರಿಸಿದರು. ಹುಟ್ಟಿನ ಹಲ್ಲು ಮೂಳೆಗೆ ಅಂಟಿಕೊಂಡಿರುವುದಿಲ್ಲ. ಮಧ್ಯೆ ಕಾಗದದಷ್ಟು ತೆಳ್ಳಗಿನ ಒಂದು ಪೊರೆ ಇದೆ. ಕಚ್ಚಿದ್ದು ಮೆದುವೋ ಗಟ್ಟಿಯೋ, ಕಲ್ಲೋ ಕೂದಲೋ ಎಂದು ತಿಳಿಯುವುದು ಹೆಚ್ಚಾಗಿ ಆ ಪೊರೆಗೆ. ಸ್ಕ್ರೂ ನೇರ ಮೂಳೆಯಲ್ಲಿ ಕೂರುತ್ತದೆ, ಅದಕ್ಕೆ ಪೊರೆ ಇಲ್ಲ. ಅಗಿಯಬಹುದು, ಆದರೆ ಅಷ್ಟು ಸೂಕ್ಷ್ಮವಾಗಿ ತಿಳಿಯಲಿಕ್ಕಿಲ್ಲ.

"ಅಂದ್ರೆ ಕೆಪ್ಪ ಹಲ್," ಎಂದಳು ಚಿಕ್ಕಿ.

"ಹಾಂಗೇ ಅಂದ್ಕಣಿ. ಬಲಬದಿಯಲ್ಲಿ ಕಚ್ಚಿ ನೋಡಿದ್ರೆ ಆಗ್ದಾ?"

"ಆ ಬದಿದ್ ಉಂಬುಕೆ. ಈ ಬದಿದ್ ಕೆಲ್ಸಕ್ಕೆ."

(ಬಲಬದಿ ಎಂದರೋ, ಎಡಬದಿ ಎಂದರೋ? ಈಗ ಚಿತ್ರ ನೋಡಿ ತಿದ್ದಿ ಬರೆಯುತ್ತಿದ್ದೇನೆ. ನಿನ್ನೆ ಬರೆದಿದ್ದರೆ ಡಾಕ್ಟರು ಎಡಬದಿ ಎನ್ನುತ್ತಿದ್ದರು, ಮತ್ತು ನೀವು ನಂಬುತ್ತಿದ್ದಿರಿ.)

ಏಳುವ ಮೊದಲು ಡಾಕ್ಟರು ಇನ್ನೊಂದು ಮಾತು ಹೇಳಿದರು. ಪಕ್ಕದ ಹಲ್ಲೂ ಸೋಲುತ್ತಿದೆ. ಆದರೆ ಅದರ ಬೇರು ಗಟ್ಟಿ. ನೋವು ಬಂದರೆ ಒಳಗಿನ ನರ ತೆಗೆದು ಉಳಿಸಬಹುದು, ನಾಲ್ಕೈದು ಸಲ ಬರಬೇಕಾಗುತ್ತದೆ, ಆದರೆ ಪೊರೆ ಹಾಗೇ ಇರುತ್ತದೆ. ಚಿಕ್ಕಿ ಕೇಳಿಸಿಕೊಂಡಳೋ ಇಲ್ಲವೋ.

ಹಲ್ಲು ಕಿತ್ತು ಸ್ಕ್ರೂ ಕೂರಿಸಿದ ಮೇಲೆ ಮೂರು ತಿಂಗಳು ಗುಟ್ಟು ಕಾಯ್ದೆವು. "ಯಾರ್ಹತ್ರ ಆರೂ ಬಾಯ್ಬಿಟ್ರೆ ಕಾಣ್," ಎಂದು ಚಿಕ್ಕಿ ನನ್ನ ಬಾಯಿ ಮುಚ್ಚಿಸಿದ್ದಳು. ತೂತಿನ ಬಾಯಲ್ಲಿ ಅವಳು ಎಂದಿನಂತೆ ಚೂರನ್ನು ಕೆನ್ನೆಯೊಳಗೆ ತಳ್ಳಿ, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಿದ್ದಳು. ಅಲ್ಲಿ ಕಚ್ಚಲು ಏನೂ ಇರಲಿಲ್ಲ. ಹೊಸ ಹಲ್ಲಿಗೆ ಬಣ್ಣ ಆರಿಸುವಾಗ ಇನ್ನೊಂದು ಯಂತ್ರ ಬಂತು. ಅದು ಹಲ್ಲಿನ ಬಣ್ಣವನ್ನು ಅಕ್ಷರ ಅಂಕಿಗಳಲ್ಲಿ ಹೇಳುತ್ತದೆ. ಚಿಕ್ಕಿಯ ಹಲ್ಲಿಗೆ ಹಿಡಿದಾಗ ತುಸು ಹೊತ್ತು ಸುಮ್ಮನಾಯಿತು. ಎಲೆಯಡಿಕೆಯ ನಲವತ್ತು ವರ್ಷಕ್ಕೆ ಅದರಲ್ಲಿ ಅಂಕಿ ಇರಲಿಲ್ಲ. ಡಾಕ್ಟರು ಒಂದು ಚಂದದ ಬಿಳಿಯನ್ನು ತೋರಿಸಿದರು.

"ಬೆಳಿ ಬೇಡ ಮಾರಾಯ್ರೆ," ಎಂದು ಚಿಕ್ಕಿ ಎದ್ದು ಕೂತಳು. "ಸಂತಿಯಂಗೆ ಬಾಯ್ ತೆಗ್ದ್ರೆ ಟ್ಯೂಬ್‌ಲೈಟ್ ಕಂಡಾಂಗ್ ಕಾಣ್ತ್. ಪಕ್ಕದ್ದ್ ಹ್ಯಾಂಗಿತ್ತೋ ಹಾಂಗೇ ಆಯ್ಕ್." ಕೊನೆಗೆ ಇರುವುದರಲ್ಲಿ ಅತ್ಯಂತ ಕೊಳಕು ಬಣ್ಣವನ್ನು ಹುಡುಕಿ, ಅದರ ಮೇಲೂ ಕಂದು ಗೆರೆ ಎಳೆಸಿ, ಹೊಸದನ್ನು ಹಳೆಯದಾಗಿ ಮಾಡಿಸಿದ್ದಾಯಿತು.

ಹಲ್ಲು ಕೂರಿಸಿದ ದಿನ, ಮೊದಲು ಕೆಲವು ದಿನ ಗಟ್ಟಿ ಪದಾರ್ಥ ಬೇಡ ಎಂದು ಡಾಕ್ಟರು ಹೇಳಿದರು. ಚಿಕ್ಕಿ ಆಸ್ಪತ್ರೆಯ ಮೆಟ್ಟಿಲು ಇಳಿದವಳೇ ಬೈಂದೂರಿನ ಬಸ್ಸು ಹತ್ತಿದಳು. ಮೇ ತಿಂಗಳು, ಮಳೆಗಾಲದ ಮೀನು ಕೊಳ್ಳುವ ಹೊತ್ತು. ಆ ಒಂದು ಕೊಳ್ಳುವಿಕೆ ತಪ್ಪಿದರೆ ಇಪ್ಪತ್ತು ಮೂವತ್ತು ಮನೆಗಳ ಡಬ್ಬದಲ್ಲಿ ಬೂಸ್ಟು, ಮುಂದಿನ ವರ್ಷ "ರುಕ್ಕು ಕಚ್ಚಿದ್ದಾ?" ಎಂದು ಕೇಳುವವರಿಲ್ಲ. ನಾನೂ ಹಿಂದಿನಿಂದ ಹತ್ತಿದೆ.

ಮೀನು ಒಣಗಿಸುವ ದುಗ್ಗಣ್ಣ ಅವಳನ್ನು ಕಂಡು ಬಲೆಯ ಮೇಲಿನ ರಾಶಿ ಒಟ್ಟು ಮಾಡಿದ. ಬೈಗೆ ಮೀನು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಚಿಕ್ಕಿ ಅಡಿಯಿಂದ ಒಂದು ಎಳೆದು, ಚೂರು ಮುರಿದು, ಕಚ್ಚಿದಳು. ಕಣ್ಣು ಮುಚ್ಚಲಿಲ್ಲ. ಇದು ನನಗೆ ಖಂಡಿತ ನೆನಪಿದೆ. ಖಂಡಿತ ಎನ್ನುವುದನ್ನು ಎಷ್ಟು ತೂಕಕ್ಕೆ ತೆಗೆದುಕೊಳ್ಳಬೇಕೆಂದು ನಿಮಗೀಗ ಗೊತ್ತು.

"ಇನ್ನೊಂದ್ ಬಿಸ್ಲ್ ಬೇಕ್," ಎಂದಳು.

"ಮೂರ್ ಬಿಸ್ಲ್ ಆಯ್ತ್ ಮಾರಾಯ್ತಿ! ಇನ್ನ್ ಒಣ್ಸ್ರೆ ಬೂದಿ ಆತ್ತ್."

"ಬೂದಿ ಆದ್ರೆ ಹಣಿಗ್ ಹಚ್ಕಂತೆ. ನೀ ಒಣ್ಸ್."

ವಾಪಸು ಬಸ್ಸಿನಲ್ಲಿ ನಾನು ಕೇಳಿದೆ, "ಚಿಕ್ಕಿ, ಗೊತ್ತಾಯ್ತಾ?"

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. "ದುಗ್ಗಣ್ಣನ ಮುಖ ಕಂಡಿದ್ಯಾ ನೀನ್?" ಎಂದಳು.

ಇದೇ ಮಾತು ನನ್ನ ತಲೆ ಕೆಡಿಸಿದ್ದು. ಹಾಗಾದರೆ ನಲವತ್ತು ವರ್ಷ ಅವಳು ಕಚ್ಚುತ್ತಿದ್ದದ್ದು ಮೀನನ್ನೋ, ನೋಡುತ್ತಿದ್ದದ್ದು ಮಾರುವವನ ಮುಖವನ್ನೋ? ಮುಚ್ಚಿದ ಕಣ್ಣು ಪೂರ್ತಿ ಮುಚ್ಚಿತ್ತೋ? ಪಾಪದ ಡಾಕ್ಟರು ಪೊರೆಯ ವಿಷಯ ವಿವರಿಸಿದ್ದೇ ಬಂತು.

ಮಳೆಗಾಲ ಬಂತು. ಚಿಕ್ಕಿ ನನಗೂ ಆ ಮೀನಿನ ಒಂದು ಕಟ್ಟು ಕೊಟ್ಟಿದ್ದಳು. ನಾನು ಅದನ್ನು ಹೊಸ ಡಬ್ಬದಲ್ಲಿಟ್ಟಿದ್ದೆ. ಗಾಳಿ ನುಗ್ಗದ ಡಬ್ಬ, ನಾಲ್ಕು ಬದಿಗೂ ಟಕ್ ಎಂದು ಕೂರುವ ಕೊಂಡಿ. ಒಳಗಿಟ್ಟದ್ದು ವರ್ಷಗಟ್ಟಲೆ ಕೆಡುವುದಿಲ್ಲವೆಂದು ಅದರ ಮೈಮೇಲೇ ಬರೆದಿತ್ತು. ಯಂತ್ರಗಳನ್ನು ನಂಬುವವರನ್ನು ನೋಡಿ ನಗುವವಳು ನಾನು. ಆಸಾಡಿಯ ಒಂದು ದಿನ ತೆಗೆದರೆ ಮೀನಿನ ಮೇಲೆಲ್ಲ ಬಿಳಿ ಬೂಸ್ಟು. ಯಾರಿಗೂ ಹೇಳದೆ ತೆಂಗಿನ ಬುಡಕ್ಕೆ ಹಾಕಿದೆ.

ಅದಾಗಿ ಒಂದು ವಾರಕ್ಕೆ ಚಿಕ್ಕಿ ಬಂದಳು. ಕೋಟ, ಗುಲ್ವಾಡಿ ಎಲ್ಲ ಸುತ್ತಿ ವಿಚಾರಿಸಿಕೊಂಡು ಬಂದಿದ್ದಳು. "ಎಲ್ಲ ಲಾಯ್ಕಿತ್ತ್ ಅಂದ್ರ್. ಅವ್ರ್ ದಾಕ್ಷಿಣ್ಯದವ್ರ್. ಹಲ್ಲಿನ್ ಸುದ್ದಿ ಗೊತ್ತಿಪ್ದ್ ನಿಂಗೊಬ್ಳಿಗೇ. ನೀ ಸಮಾ ಹೇಳ್. ಹ್ಯಾಂಗಿತ್ತ್?"

"ಲಾಯ್ಕಿತ್ತ್ ಚಿಕ್ಕಿ," ಎಂದೆ.

ಅವಳ ಭುಜ ಇಳಿದದ್ದು ಕಂಡಿತು. ಅಂದಿನಿಂದ ಕೆಪ್ಪ ಹಲ್ಲಿಗೆ ಕಿವಿ ಬಂತು. ಆಸ್ಪತ್ರೆಯ ಯಂತ್ರ ಅನುಭವ ಹೇಗಿತ್ತೆಂದು ಕೇಳಿದಾಗ ನಾನು ಐದು ನಕ್ಷತ್ರವನ್ನೂ ಒತ್ತಿದೆ. ಒಂದು ಸುಳ್ಳಿಗೆ ಇನ್ನೊಂದು ಆಸರೆ ಇರಲಿ ಎಂದು.

ಇವತ್ತು ಕಾಫಿ ಆರಿದ ಮೇಲೆ ಚಿಕ್ಕಿಗೆ ಫೋನು ಮಾಡಿದೆ. ಆಸ್ಪತ್ರೆಯವರು ನೆನಪು ಮಾಡಿದ್ದಾರೆ ಎಂದೆ.

"ಸಮಾ ಹೊತ್ತಿಗೇ ನೆನ್ಪ್ ಮಾಡಿರ್," ಎಂದಳು. "ಪಕ್ಕದ್ ಹಲ್ ಎರಡ್ ದಿನದಿಂದ ಜುಮ್ಮ್ ಅಂತಿತ್ತ್. ನರ ತೆಗುದ್, ಐದ್ ಸಲ ಹೋಪ್ದ್, ಅದೆಲ್ಲ ಯಾರಿಗ್ ಬೇಕ್? ಕಿತ್ತ್ ಬಿಸಾಡಿ ಅದೇ ನಮೂನಿ ಸ್ಕ್ರೂ ಹಾಕ್ಲಿ. ಹೋದ್ಸಲದ್ ಹಲ್ ನಿನ್ ಮನಿಯಂಗೇ ಪಾಸಾಯ್ತಲೆ."

ಡಾಕ್ಟರ ಮಾತನ್ನು ಅವಳು ಆ ದಿನ ಪೂರ್ತಿ ಕೇಳಿಸಿಕೊಂಡಿದ್ದಳು. ಉಳಿದ ಒಂದು ಕೆಲಸದ ಹಲ್ಲನ್ನು ಕೀಳಿಸಲು ಅವಳು ನಂಬಿದ್ದು ಡಾಕ್ಟರನ್ನಲ್ಲ, ಎಕ್ಸ್‌ರೇಯನ್ನಲ್ಲ, ನನ್ನನ್ನು.

"ಚಿಕ್ಕಿ, ಆ ಸಲದ ಮೀನು ನಮ್ಮನೆಯಲ್ಲಿ ಬೂಸ್ಟು ಹಿಡಿದಿತ್ತು. ನಾನು ಸುಳ್ಳು ಹೇಳಿದ್ದು."

ಆಚೆ ಕಡೆ ಯಾರೋ ಬಸ್ಸಿಗೆ ಕೂಗುವುದು ಕೇಳಿಸುತ್ತಿತ್ತು.

"ಮೂರ್ ವರ್ಷ ಹೊಟ್ಟಿಯಂಗ್ ಇಟ್ಕಂಡಿದ್ಯಲೆ ಹೆಣ್ಣೆ," ಎಂದಳು ಚಿಕ್ಕಿ. ಬೈಯಲಿಲ್ಲ. ಆಮೇಲೆ, ರಾಶಿಯ ಅಡಿಯಿಂದ ಒಂದನ್ನು ಎಳೆದ ಹಾಗೆ, ಕೇಳಿದಳು. "ಡಬ್ಬಿ ಮುಚ್ಚಳ ಸಮಾ ಹಾಕಿದ್ಯಾ?"

ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಟಕ್, ಟಕ್, ಟಕ್. ಮೂರು ಕೇಳಿಸಿತು. ನಾಲ್ಕನೆಯದು ಕೇಳಿಸಿದ ಹಾಗೂ ಆಯಿತು, ಕೇಳಿಸದ ಹಾಗೂ ಆಯಿತು. ಅವಳ ಬಾಯಿಯ ಚಿತ್ರ ಕೂದಲೆಳೆಯಷ್ಟೂ ತಪ್ಪದೆ ನನ್ನ ಫೋನಿನಲ್ಲಿದೆ. ಆ ಡಬ್ಬದ ಚಿತ್ರ ಯಾರೂ ತೆಗೆದಿಲ್ಲ.

"ಗೊತ್ತಿಲ್ಲ ಚಿಕ್ಕಿ," ಎಂದೆ.