ಸೀಲಿನೊಳಗೆ ಎಂಟು ಸಾವಿರ

ನಮ್ಮ ದೊಡ್ಡಮ್ಮನ ನಿಜವಾದ ಹೆಸರು ಗಡಿಯ ಸುಂಕದ ಠಾಣೆಯಲ್ಲಿ ಯಾರಿಗೂ ಗೊತ್ತಿಲ್ಲ, ಲಾರಿಯವರಿಗೆಲ್ಲ ಅವಳು ಸೀಲಮ್ಮ! ಇಪ್ಪತ್ತಾರು ವರ್ಷದಿಂದ ಒಂದೇ ಕೆಲಸ. ಲಾರಿಯ ಹಿಂಬಾಗಿಲಿನ ಸೀಲು ಎಳೆದು ನೋಡುವುದು, ಅದರ ನಂಬರನ್ನು ಕಾಗದದ ಜೊತೆ ತಾಳೆ ಹಾಕುವುದು, ಠಸ್ಸೆ ಒತ್ತುವುದು. ಇಷ್ಟೇನಾ ಅಂತ ನಾನು ನಕ್ಕಿದ್ದೆ. ಅವಳು ಬಿಡಿಸಿ ಹೇಳಿದ ಮೇಲೆ, ಅಬ್ಬಾ, ಎಂಥ ಸೊಗಸಾದ ಏರ್ಪಾಡು ಅನ್ನಿಸಿತು! ಒಂದು ದೇಶದ ಸರಕು ನಮ್ಮ ದೇಶವನ್ನು ಹಾದು ಮೂರನೆಯದಕ್ಕೆ ಹೋಗಬೇಕು. ನಮಗೆ ಅದರ ಸುಂಕ ಬೇಡ, ಆದರೆ ಅದು ದಾರಿಯಲ್ಲಿ ಇಳಿಯಲೂ ಬಾರದು. ಅದಕ್ಕೇ ಹೊರಡುವಾಗಲೇ ಬಾಗಿಲಿಗೆ ಸೀಲು, ಇಂಥದ್ದೇ ರಸ್ತೆ, ಇಷ್ಟೇ ದಿನ, ಮೇಲೊಂದು ಜಾಮೀನು. ನಡುವೆ ಸೀಲು ಒಡೆದಿತ್ತೋ, ಸರಕನ್ನೆಲ್ಲ ಇಲ್ಲೇ ಮಾರಿಕೊಂಡ ಹಾಗೆ ಲೆಕ್ಕ.

ಆ ಮಧ್ಯಾಹ್ನ ಅವಳು ಮನೆಯಲ್ಲಿ ಮರೆತುಹೋಗಿದ್ದ ಕನ್ನಡಕ ಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ. ಬಂದು ನಿಂತ ಲಾರಿಯೊಳಗೆ ಎಂಟು ಸಾವಿರ ಕೋಳಿಮರಿ, ಮೊಟ್ಟೆಯಿಂದ ಹೊರಬಂದು ಒಂದೇ ದಿನ ಆದವು. ತಗಡಿನ ಗೋಡೆಯಾಚೆ ಚಿಂವ್‌ಚಿಂವ್ ಅಂತ ಒಂದೇ ಗದ್ದಲ.

ಡ್ರೈವರ್ ಓಡಿಬಂದ. "ಸೀಲಮ್ಮಾ, ಗಾಳಿ ಫ್ಯಾನ್ ನಿಂತೋಗಿದೆ! ಸ್ವಿಚ್ಚು ಬಾಗಿಲೊಳಗಿದೆ. ಒಂದ್ ನಿಮಿಷ ತೆಗೀರಿ ತಾಯಿ."

"ಸೀಲಿಗೆ ಕತ್ತರಿ ಹಾಕೋ ಅಧಿಕಾರ ನಂಗಿಲ್ಲಪ್ಪ. ಸಾಹೇಬ್ರೇ ಬರ್ಬೇಕು."

"ಸಾಹೇಬ್ರು ಎಲ್ಲಿ?"

"ಆ ಕಡೆ ಗೇಟಲ್ಲಿ, ಮೀಟಿಂಗು."

ಅವಳು ಫೋನು ಮಾಡಿದಳು. ಮತ್ತೆ ಮಾಡಿದಳು. ಬಂದೆ, ಬಂದೆ ಅಂದರಂತೆ. ತಗಡು ಮುಟ್ಟಿದರೆ ಕೈ ಸುಡುತ್ತಿತ್ತು.

ಜೀವಕ್ಕೆ ಅಪಾಯ ಬಂದರೆ ಸೀಲು ಒಡೆದು ಆಮೇಲೆ ವರದಿ ಕೊಡಬಹುದು ಅಂತ ನಿಯಮ ಇದೆ. ದೊಡ್ಡಮ್ಮನಿಗೆ ಅದು ಬಾಯಿಪಾಠ. ಆದರೆ ಹೋದ ವರ್ಷ ಹೊಗೆಯಾಡುತ್ತಿದ್ದ ಲಾರಿಯೊಂದರ ಸೀಲು ಒಡೆದ ಅವಳ ಪಕ್ಕದ ಮೇಜಿನವನು ಎಂಟು ತಿಂಗಳು ಅಮಾನತಾಗಿ ಮನೆಯಲ್ಲಿ ಕೂತಿದ್ದ. ಇವಳ ನಿವೃತ್ತಿಗೆ ಒಂಬತ್ತೇ ತಿಂಗಳು.

"ಮನುಷ್ಯರ ಜೀವಕ್ಕಾ, ಮರಿಗಳ ಜೀವಕ್ಕಾ ಅಂತ ಅದ್ರಲ್ಲಿ ಬರೆದಿಲ್ವಲ್ಲೇ," ಅಂದಳು ನನಗೆ. ಕತ್ತರಿ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಅವಳು ಅದರತ್ತ ನೋಡಲೇ ಇಲ್ಲ.

ಡ್ರೈವರ್ ಬಾಟಲಿಯ ನೀರನ್ನು ತಗಡಿಗೆ ಎರಚುತ್ತಿದ್ದ. "ಸೀಲಮ್ಮ ಅಂತ ಸುಮ್ನೆ ಹೆಸರಿಟ್ರಾ ನಿಮ್ಗೆ? ಎದೆಗೂ ಸೀಲೇ!" ಅಂದ. ಸದ್ದು ಕಡಿಮೆಯಾಗುತ್ತಾ ಬಂತು. ಎರಡು ತಾಸು ಕಳೆದ ಮೇಲೆ ಸಾಹೇಬರು ಬಂದು ಸೀಲು ಕತ್ತರಿಸಿದಾಗ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಹಳದಿ ಮರಿಗಳು ಪೆಟ್ಟಿಗೆ ಪೆಟ್ಟಿಗೆಯಲ್ಲೂ ಒಂದರ ಮೇಲೊಂದು ಬಿದ್ದಿದ್ದವು. ಎಲ್ಲ ಪೆಟ್ಟಿಗೆ ತಡಕಿದರೂ ಬದುಕಿದ್ದವು ನೂರಾ ಹತ್ತೊಂಬತ್ತು.

"ಸತ್ತಿದ್ದನ್ನ ಇಲ್ಲೇ ಹೂತುಬಿಡ್ಲಾ ಸಾರ್?" ಡ್ರೈವರ್ ಕೇಳಿದ.

"ತಮಾಷೆನಾ? ಅದು ಸರಕು ಕಣಯ್ಯ. ಇಲ್ಲಿ ಇಳಿಸಿದ್ರೆ ಇಲ್ಲೇ ಮಾರಿದ ಹಾಗೆ. ಎಂಟು ಸಾವಿರಾನೂ ಆ ಗಡಿ ಮುಟ್ಬೇಕು. ಹೊಸ ಸೀಲು ಹಾಕಿ, ಹೊರಡ್ಲಿ."

ನಾನೂರು ಕಿಲೋಮೀಟರು, ಅದೇ ಬಿಸಿಲಲ್ಲಿ!

ದೊಡ್ಡಮ್ಮ ಬದುಕಿದ್ದವನ್ನು ಎರಡು ಪೆಟ್ಟಿಗೆಗೆ ಹಾಕಿ, ಡ್ರೈವರನ ಪಕ್ಕದ ಸೀಟಿನ ಮೇಲಿಟ್ಟಳು.

"ಏನಮ್ಮ ಇದು! ಸೀಲಿನ ಹೊರಗೆ ಸರಕು?" ಸಾಹೇಬರು ರೇಗಿದರು.

"ಹೆಣಗಳ ಜೊತೆ ಕಳ್ಸಲ್ಲ ಸಾರ್. ನಾನೇ ಇಟ್ಟೆ ಅಂತ ಬರ್ಕೊಳಿ." ಕಾಗದದ ಅಂಚಿನಲ್ಲಿ ತಾನೇ ಬರೆದು ಸಹಿ ಹಾಕಿದಳು.

ಹನ್ನೊಂದನೆಯ ದಿನ ಅಮಾನತಿನ ಆದೇಶ ಬಂತು. ಅವಳು ಅಡುಗೆಮನೆಯ ಕಟ್ಟೆಗೊರಗಿ ಪೂರ್ತಿ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಳ್ಬೇಡ ದೊಡ್ಡಮ್ಮ, ಆ ಮರಿಗಳನ್ನಾದ್ರೂ ಉಳಿಸಿದ್ಯಲ್ಲ," ಅಂದೆ.

"ಕೆಲಸ ಹೋಯ್ತು ಅಂತ ಅಳ್ತಿಲ್ವೇ. ಮೊದಲೇ ಕತ್ತರಿ ಹಾಕಿದ್ರೂ ಇದೇ ಕಾಗದ ಬರ್ತಿತ್ತು. ಇಷ್ಟೇ."