ದೊಡ್ಡತ್ತೆ ಕಲಿಸಿದ ಫ್ರೆಂಚ್ ಊಟದ ಮಾತು

ಕುಣಿಗಲ್ ಹತ್ತಿರದ ಒಂದು ಕುದುರೆ ಫಾರಂನಲ್ಲಿ ಗಬ್ಬದ ಕುದುರೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೋದ ವರ್ಷ ನಮ್ಮ ಡಾಕ್ಟ್ರು ಕರೆದು, ಹದಿನೈದು ದಿನದ ತರಬೇತಿಗೆ ನಾನು ಫ್ರಾನ್ಸ್‌ಗೆ ಹೋಗಬೇಕು ಅಂದರು.

"ಕೆಲಸದ ದಿನ ಊಟ ಅವರೇ ಕೊಡ್ತಾರೆ. ಭಾನುವಾರ ಮಾತ್ರ ನೀವೇ ಹೋಟೆಲ್‌ಗೆ ಹೋಗ್ಬೇಕು. ಸಣ್ಣ ಊರು, ಇಂಗ್ಲಿಷ್ ನಡೆಯಲ್ಲ. ಊಟ ಕೇಳೋವಷ್ಟಾದ್ರೂ ಅವ್ರ ಭಾಷೆ ಕಲ್ತ್ಕೊಳಿ."

ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಹೆದರಿಕೆ ಇದ್ದದ್ದೇ ಅಲ್ಲಿ. ತುಮಕೂರಿನ ಒಂದು ಫ್ರೆಂಚ್ ಕ್ಲಾಸಿಗೆ ಸೇರಿದೆ. ಮೊದಲ ದಿನವೇ, ಆ ಭಾಷೆಯಲ್ಲಿ ವಸ್ತುಗಳಿಗೂ ಲಿಂಗ ಉಂಟು, ಮೇಜು ಹೆಂಗಸು, ಬ್ರೆಡ್ಡು ಗಂಡಸು ಅಂದರು. ನೋಡಿದರೆ ಯಾವುದರ ಮೇಲೂ ಹಾಗೆ ಬರೆದಿರಲಿಲ್ಲ. ಎರಡೇ ಕ್ಲಾಸಿಗೆ ಕೈಮುಗಿದೆ.

ಆಗ ನನ್ನ ಹೆಂಡತಿ ಅಂದಳು: "ರೀ, ಗುಬ್ಬಿ ದೊಡ್ಡಮ್ಮ ಮದ್ವೆಯಾದ ಹೊಸದ್ರಲ್ಲಿ ಪುದುಚೇರಿಲಿದ್ರಲ್ಲ, ಅಲ್ಲಿ ಫ್ರೆಂಚ್‌ನೋರ ಹೋಟೆಲ್ನಲ್ಲಿ ಊಟ ಬಡಿಸ್ತಿದ್ರಂತೆ. ಒಂದ್ಸಲ ಕೇಳಿ ನೋಡಿ."

ನನಗೆ ನಗು ಬಂತು. ಅವಳ ದೊಡ್ಡಮ್ಮ ನನಗೆ ದೊಡ್ಡತ್ತೆ. ನಾನು ಕಂಡ ದೊಡ್ಡತ್ತೆ ಒಂದು ಹಸು ಸಾಕಿಕೊಂಡು, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವ ಹೆಂಗಸು. ಕನ್ನಡವೇ ಓದಲು ಬರದವರಿಗೆ ಫ್ರೆಂಚ್ ಬರುವುದುಂಟೇ? ಆದರೂ ಭಾನುವಾರ ಗುಬ್ಬಿಗೆ ಹೋದೆ.

ವಿಷಯ ಕೇಳಿದ್ದೇ ತಡ, ಅವರು ನನ್ನನ್ನು ಹಜಾರದ ಕುರ್ಚಿಯಲ್ಲಿ ಕೂರಿಸಿ, ಮುಂದೆ ಒಂದು ಸ್ಟೂಲ್ ಇಟ್ಟು, ಕೈ ತೊಳೆದು ಬಂದರು. ಸೊಂಟ ಹಿಡಿದುಕೊಂಡು ನಡೆಯುವವರು ನೆಟ್ಟಗೆ ನಿಂತರು. "ಬೋಂಜೂರ್ ಮಿಸ್ಯೊ" ಅಂದರು. ಆಮೇಲೆ ಹೊರಟ ಮಾತು ನಲ್ಲಿ ಬಿಟ್ಟ ಹಾಗೆ ನಿಲ್ಲಲೇ ಇಲ್ಲ. ದನಿಯೇ ಬೇರೆ, ಕೈಯ ಗತ್ತೇ ಬೇರೆ. ನನ್ನ ತೋಳಿನ ರೋಮ ಎದ್ದು ನಿಂತವು. ಇಷ್ಟು ವರ್ಷ ಈ ಮನೆಯಲ್ಲಿ ಉಂಡು ಹೋಗಿದ್ದೇನೆ, ಇವರು ಯಾರೆಂದೇ ನನಗೆ ಗೊತ್ತಿರಲಿಲ್ಲ.

"ಮೊದ್ಲು ಬೋಂಜೂರ್, ಅಂದ್ರೆ ನಮಸ್ಕಾರ, ಅನ್ಬೇಕು ಅಳಿಯಂದ್ರೇ. ಅದಿಲ್ದೆ ಊಟ ಕೇಳಿದ್ರೆ ಮುಖ ತಿರುಗಿಸ್ತಾರೆ. ಆಮೇಲೆ ಜ ವುದ್ರೆ, ಅಂದ್ರೆ ನಂಗೆ ಬೇಕಿತ್ತು. ಕೊನೆಗೆ ಸಿಲ್ ವು ಪ್ಲೆ, ದಯವಿಟ್ಟು ಅಂತ."

"ಮಾಂಸ ಬೇಡ ಅನ್ನೋಕೆ?"

"ಸಾಂ ವ್ಯಾಂದ್. ಮೀನು ಬೇಡ ಅಂದ್ರೆ ಸಾಂ ಪ್ವಾಸೋ, ಮೊಟ್ಟೆ ಬೇಡ ಅಂದ್ರೆ ಸಾಂ ಜ಼ೊ."

ಅವರ 'ರ' ನನ್ನ ಬಾಯಲ್ಲಿ ಹೊರಳಲಿಲ್ಲ. "ಗಂಟ್ಲು ನೋವಿಗೆ ಉಪ್ಪುನೀರು ಮುಕ್ಕಳಿಸಲ್ವಾ, ಅಲ್ಲಿಂದ ಬರ್ಬೇಕು" ಅಂದು ಒಂದು ಲೋಟ ನೀರು ಕೊಟ್ಟೇಬಿಟ್ಟರು. ಮೂರು ಭಾನುವಾರ ಅವರು ಬಡಿಸುವವರು, ನಾನು ಗಿರಾಕಿ. ತಪ್ಪು ಹೇಳಿದರೆ ಮುದ್ದೆಯ ತಟ್ಟೆ ಒಳಗೆ ವಾಪಸ್ ಹೋಗುತ್ತಿತ್ತು. ಊರಿಗೆ ಮರಳುವಾಗ ಹೆಬ್ಬೂರು ಬರುವವರೆಗೂ ಬಸ್ಸಿನಲ್ಲಿ ಗುನುಗುತ್ತಿದ್ದೆ. ಪಕ್ಕದ ಸೀಟಿನವರು ಮಂತ್ರ ಅಂದುಕೊಂಡು ಸುಮ್ಮನಿರುತ್ತಿದ್ದರು.

ಫ್ರಾನ್ಸ್‌ನಲ್ಲಿ ಮೊದಲ ಭಾನುವಾರ ಮಧ್ಯಾಹ್ನ ಚೌಕದ ಸಣ್ಣ ಹೋಟೆಲಿಗೆ ಹೋದೆ. ಬಡಿಸುವ ಹೆಂಗಸಿಗೆ ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಆಕೆ ತಲೆಯಾಡಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಿಸಿ ಆಲೂಗಡ್ಡೆ, ಬೇಯಿಸಿದ ಹುರುಳಿಕಾಯಿ, ಬ್ರೆಡ್ಡು, ಒಂದು ಹೂಜಿ ನೀರು ಬಂದವು. ನಾನು ತಟ್ಟೆಯನ್ನೇ ನೋಡುತ್ತ ಕುಳಿತೆ. ಅರ್ಥ ಪೂರ್ತಿ ತಿಳಿಯದ ನಾಲ್ಕು ಶಬ್ದ ನನ್ನ ಬಾಯಿಂದ ಹೊರಟಿದ್ದಕ್ಕೆ, ಮುಖ ಪರಿಚಯವಿಲ್ಲದ ಯಾರೋ ಒಲೆ ಹಚ್ಚಿ, ನನಗೋಸ್ಕರ ಅಡುಗೆ ಮಾಡಿದ್ದರು. ಕಣ್ಣು ತುಂಬಿತು.

ಉಂಡು ಮುಗಿಸಿದ ಮೇಲೆ ತಡೆಯಲಾರದೆ ದೊಡ್ಡತ್ತೆಗೆ ವಿಡಿಯೊ ಕಾಲ್ ಮಾಡಿದೆ. ಖಾಲಿ ತಟ್ಟೆ ತೋರಿಸಿದೆ. "ಬಡಿಸಿದ ಆಯಮ್ಮನ್ನ ಕರೀರಿ" ಅಂದರು. ಫೋನು ಆಕೆಯ ಕೈಗೆ ಕೊಟ್ಟೆ. ಇಬ್ಬರೂ ಮಾತಿಗೆ ಶುರುವಾದರು. ಆಕೆ ಎದುರಿನ ಕುರ್ಚಿ ಎಳೆದು ಕೂತೇಬಿಟ್ಟಳು, ಒಳಗಿಂದ ಅಡುಗೆಯವನೂ ಬಂದು ಇಣುಕಿದ. ನನಗೆ ಒಂದಕ್ಷರ ತಿಳಿಯಲಿಲ್ಲ. ಗುಬ್ಬಿಯ ಆ ಹಜಾರ ಈ ಮೇಜಿಗೆ ಅಷ್ಟು ಹತ್ತಿರ ಬಂದದ್ದನ್ನು ಬಾಯಿ ಬಿಟ್ಟು ನೋಡಿದೆ.

"ಏನಂದ್ರು ಆಯಮ್ಮ, ದೊಡ್ಡತ್ತೆ?" ಫೋನು ವಾಪಸ್ ಬಂದಾಗ ಕೇಳಿದೆ.

"ನನ್ನ ಮಾತು ಅವ್ರಜ್ಜಿ ಮಾತಿದ್ದಂಗಿದ್ಯಂತೆ," ಅಂದವರು ಸೆರಗಿನಿಂದ ಮುಖ ಒರೆಸಿಕೊಂಡರು.

ಊರಿಗೆ ಬಂದು ಗುಬ್ಬಿಗೆ ಹೋದಾಗ ಕೇಳಿದೆ: "ಅಷ್ಟು ವರ್ಷ ಮಾತಾಡೋರೇ ಇಲ್ದೆ ಹೆಂಗೆ ನೆನಪಿಟ್ಕೊಂಡ್ರಿ?"

ದೊಡ್ಡತ್ತೆ ನಾಚಿಕೊಂಡರು. "ಹಾಲು ಕರಿವಾಗ ಹಸು ಹತ್ರ ಫ್ರೆಂಚಲ್ಲೇ ಮಾತಾಡ್ತಿದ್ದೆ. ಮರ್ತೋಗ್ಬಾರ್ದು ಅಂತ. ಯಾರ್ಗೂ ಹೇಳ್ಬೇಡಿ, ನಗ್ತಾರೆ."

ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುತ್ತ ನಿಂತಿತ್ತು. ನಾನು ಹತ್ತಿರ ಹೋಗಿ ಮೆಲ್ಲಗೆ ಬೋಂಜೂರ್ ಅಂದೆ. ಅದರ ಕಿವಿ ನನ್ನ ಕಡೆ ತಿರುಗಿತು.