ಎರಡು ಹೆಡ್‌ಫೋನು, ಒಂದು ಎಡಗಿವಿ

ನನ್ನ ಮಗಳು ಮನೆಯಲ್ಲೇ ಕೂತು ಟೀವಿ ಧಾರಾವಾಹಿಗಳ ಶಬ್ದ ಹೊಂದಿಸುತ್ತಾಳೆ. ಮಾತು ಎಷ್ಟು ಜೋರಿರಬೇಕು, ಬಾಗಿಲು ಯಾವ ಕಡೆಯಿಂದ ಬಡಿದ ಹಾಗೆ ಕೇಳಬೇಕು, ಎಲ್ಲ ಅವಳ ಕಿವಿಯದೇ ತೀರ್ಮಾನ. ವಿಜಯನಗರದ ನಮ್ಮ ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ಅದಕ್ಕೆಂದೇ ಹಳೇ ರಜಾಯಿ ಹೊಡೆದಿದ್ದಾಳೆ. ಅವಳ ಹೆಡ್‌ಫೋನ್ ಮುರಿದಾಗ ಪರಿಚಯದ ಅಂಗಡಿಯವರು ದುಬಾರಿಯವೇ ಎರಡನ್ನು ಕೊಟ್ಟು, "ಕೇಳಿ ನೋಡಿ ಮೇಡಂ, ಸಂಜೆಯೊಳಗೆ ಒಂದನ್ನ ವಾಪಸ್ ಕೊಡಿ" ಎಂದಿದ್ದರು.

ಅವತ್ತು ಶನಿವಾರ. ಆಂಜನೇಯನಿಗೆ ದೀಪ ಹಚ್ಚಿ ಅವಲಕ್ಕಿ ಕಲಸುತ್ತಿದ್ದೆ.

"ಅಮ್ಮಾ, ಬಾ ಇಲ್ಲಿ. ನೀನೂ ಕೇಳು."

ಒಂದು ಕಪ್ಪಗೆ, ಭಾರವಾಗಿತ್ತು. ಕಿವಿಯನ್ನು ಪೂರ್ತಿ ಮುಚ್ಚುವ ಮೆತ್ತೆ. ಹಾಕಿಕೊಂಡ ಕೂಡಲೇ ಬೀದಿಯ ತರಕಾರಿಯವನ ಕೂಗು ನಿಂತೇಹೋಯಿತು. ಅವಳು ಹಾಕಿದ ಹಾಡಿನ ಮೃದಂಗದ ಪೆಟ್ಟು ಹೊಟ್ಟೆಯೊಳಗೆ ಗುಂ ಎಂದಿತು. ಇನ್ನೊಂದು ಹಗುರ, ಹೊರಗಡೆ ಜಾಲರಿ. ಅದರಲ್ಲಿ ಹಾಡುವವರು ಉಸಿರೆಳೆದುಕೊಂಡಿದ್ದೂ ಕೇಳಿಸಿತು, ನಮ್ಮ ಕುಕ್ಕರಿನ ಸದ್ದೂ ಕೇಳಿಸಿತು. ನನಗೆ ಅದೇ ಹಿಡಿಸಿತು.

"ಆ ಕಪ್ಪುದ್ರಲ್ಲಿ ಎಡಗಡೆ ಡಲ್ ಇದೆ ಅಲ್ವಾ?"

"ಇಲ್ವಲ್ಲೇ."

"ಸರಿಯಾಗಿ ಕೇಳಮ್ಮ. ತಂಬೂರಿ ಹಾಕ್ತೀನಿ. ಎರಡೂ ಕಡೆ ಒಂದೇ ಸಮ ಇದೆ. ತಲೆ ಮಧ್ಯದಲ್ಲಿ ಕೇಳ್ಬೇಕು."

ನನಗೆ ತಂಬೂರಿ ಸರಿಯಾಗಿ ಹಣೆಯ ಕುಂಕುಮದ ಹಿಂದೆ ಕೂತು ನುಡಿಯಿತು. ಹಾಗೇ ಹೇಳಿದೆ.

"ಅಡುಗೆಮನೆ ಕಿವಿ ನಿಂದು. ವಿಷಲ್ ಎಣಿಸೋಕೇ ಲಾಯಕ್ಕು" ಎಂದು ನಕ್ಕು, ಅಂಗಡಿಗೆ ಫೋನ್ ಮಾಡಿ ಜಗಳ ತೆಗೆದಳು. ಬಲಗೈ ಮೌಸಿನ ಮೇಲಿರುವುದರಿಂದ ಅವಳು ಯಾವತ್ತೂ ಎಡಗಿವಿಗೆ ಫೋನ್ ಹಿಡಿಯುವವಳು. ಅವತ್ತು ಬಲಗಿವಿಗೆ ಹಿಡಿದಿದ್ದಳು. ನೋಡಿದೆ, ಏನೂ ಅನ್ನಿಸಲಿಲ್ಲ.

ಫೋನಿಟ್ಟು ಜಾಲರಿಯದನ್ನು ಹಾಕಿಕೊಂಡಳು. ಅದೇ ತಂಬೂರಿ. ಹುಬ್ಬು ಗಂಟಿಕ್ಕಿದಳು.

"ಇದೂ ಅಷ್ಟೇ ಕಣಮ್ಮ! ಇದ್ರದ್ದೂ ಎಡಗಡೇನೇ. ಕಂಪ್ಯೂಟರಿಂದೇ ಏನೋ ಆಗಿದೆ."

ವೈರು ಕಿತ್ತು ಮೊಬೈಲಿಗೆ ಚುಚ್ಚಿದಳು. ಅಲ್ಲೂ ಅದೇ. ಎರಡು ಬೇರೆ ಬೇರೆ ಪೆಟ್ಟಿಗೆಯಿಂದ ಬಂದ ಹೊಸ ಸಾಮಾನು, ಎರಡರದೂ ಎಡಗಡೆಯೇ ಹೇಗೆ ಕೆಡುತ್ತದೆ? ನನಗೇಕೆ ಕೆಟ್ಟಿಲ್ಲ? ದೇವರಮನೆ ಬಲ್ಬು ಹತ್ತದಿದ್ದರೆ ನಾನು ಅದನ್ನು ಬಿಚ್ಚಿ ಅಡುಗೆಮನೆಯ ಹೋಲ್ಡರಿಗೆ ಹಾಕಿ ನೋಡುತ್ತೇನೆ. ಅಲ್ಲಿ ಹತ್ತಿದರೆ ತಪ್ಪು ಬಲ್ಬಿನದಲ್ಲ.

"ಉಲ್ಟಾ ಹಾಕ್ಕೊಂಡು ನೋಡು ಪುಟ್ಟೀ" ಎಂದೆ. "ಎಡಗಡೇದು ಬಲಕ್ಕೆ."

"ಅದರಿಂದ ಏನಾಗುತ್ತೆ?"

"ನೋಡೇ, ಸುಮ್ನೆ."

ತಿರುಗಿಸಿ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ನಾನು ಅವಳ ಮುಖವನ್ನೇ ನೋಡುತ್ತಾ, ಈಗ ಬಲಗಡೆ ಡಲ್ ಅನ್ನಲಿ ಸ್ವಾಮೀ, ಅಂಗಡಿಯವನೇ ಮೋಸ ಮಾಡಿರಲಿ ಎಂದು ಬೇಡಿದೆ. ಯಾರಿಗೂ ಹಾಗೆ ಬಯಸಬಾರದು. ಬಯಸಿದೆ.

"ಎಡಗಡೇನೇ" ಎಂದಳು. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಎಡಗಿವಿಯ ಹತ್ತಿರ ಬೆರಳುಗಳನ್ನು ಉಜ್ಜಿದಳು, ಆಮೇಲೆ ಬಲಗಿವಿಯ ಹತ್ತಿರ, ಮತ್ತೆ ಎಡಗಿವಿಯ ಹತ್ತಿರ. "ಅಮ್ಮಾ, ನಿನ್ನೆ ಕಿವಿ ಚೆನ್ನಾಗಿತ್ತು. ಶೀತ ಆಗಿದ್ದಕ್ಕೆ ಕಟ್ಟಿಕೊಂಡಿರಬೇಕು, ಅಲ್ವಾ?"

"ಡಾಕ್ಟ್ರು ಹೇಳಲಿ. ಚಪ್ಪಲಿ ಹಾಕ್ಕೋ."

"ಸೋಮವಾರ ಹೋದ್ರಾಯ್ತಮ್ಮ. ಸಂಜೆ ಎಪಿಸೋಡ್ ಕಳಿಸ್ಬೇಕು."

"ಈಗಲೇ ನಡಿ."

ಆಟೋದಲ್ಲಿ ಅಭ್ಯಾಸದಂತೆ ಅವಳ ಎಡಕ್ಕೆ ಕೂತು ಏನೋ ಕೇಳಿದೆ. ಉತ್ತರ ಬರಲಿಲ್ಲ. ಹೊಸಹಳ್ಳಿ ಸಿಗ್ನಲ್ಲಿನಲ್ಲಿ ಇಳಿದು ಆ ಕಡೆಯಿಂದ ಹತ್ತಿ ಅವಳ ಬಲಕ್ಕೆ ಕೂತೆ. "ಆಂಟಿ, ಏನಾಯ್ತು?" ಎಂದ ಆಟೋದವನಿಗೆ "ಬೇಗ ನಡಿಯಪ್ಪ" ಎಂದೆ.

ಕಿವಿ ಡಾಕ್ಟರು ಒಳಗೆ ದೀಪ ಬಿಟ್ಟು ನೋಡಿದರು. ಕಿವಿ ಕಟ್ಟಿರಲಿಲ್ಲ. ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಮೆತ್ತೆ ಸವೆದ ಇನ್ನೊಂದು ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಟ್ಟರು. ಮೊದಲು ಬಲಗಿವಿ, ಆಮೇಲೆ ಎಡಗಿವಿ. ಶಬ್ದ ಕೇಳಿದಾಗ ಒತ್ತಬೇಕು. ಹೊರಗೆ ನಿಂತ ನನಗೆ ಏನೂ ಕೇಳಿಸುವಂತಿರಲಿಲ್ಲ, ಅವಳ ಹೆಬ್ಬೆರಳಷ್ಟೇ ಕಾಣುತ್ತಿತ್ತು. ಮೊದಮೊದಲು ಒತ್ತಿದಳು, ಒತ್ತಿದಳು. ಆಮೇಲೆ ಹೆಬ್ಬೆರಳು ನಿಂತಿತು. ಯಂತ್ರದ ಮುಂದಿದ್ದ ಹುಡುಗಿ ಗುಂಡಿ ತಿರುಗಿಸುತ್ತಲೇ ಇದ್ದಳು. ಬಲಗಡೆಯದನ್ನು ಉಳಿಸಿದ್ದೀಯಲ್ಲ ಎಂದು ಮೊದಲು ಆಂಜನೇಯನಿಗೆ ಕೈ ಮುಗಿದೆ. ಆಮೇಲೆ ಎಡಗಡೆಯದನ್ನೂ ಕೊಡು ಎಂದು ಬೇಡಿದೆ.

"ಕಿವಿಯ ನರ ಇದ್ದಕ್ಕಿದ್ದಂತೆ ಸೋತಿದೆ" ಎಂದರು ಡಾಕ್ಟರು. "ಎಷ್ಟೋ ಜನ ಶೀತ ಅಂದ್ಕೊಂಡು ತಡವಾಗಿ ಬರ್ತಾರೆ. ನೀವು ಬೇಗ ಬಂದ್ರಿ. ಮಾತ್ರೆ ಇವತ್ತೇ ಶುರು ಮಾಡೋಣ. ಗ್ಯಾರಂಟಿ ಕೊಡಲ್ಲಮ್ಮ."

ಅಂಗಡಿಯವರು ಒಂದನ್ನೇ ಕೊಟ್ಟಿದ್ದರೆ ಅದನ್ನು ಬೈದು ವಾಪಸ್ ಮಾಡಿ, ಕಿವಿಯನ್ನು ಶೀತದ ಲೆಕ್ಕಕ್ಕೆ ಹಾಕಿ ಸುಮ್ಮನಿರುತ್ತಿದ್ದೆವು. ಎರಡು ಕೊಡಿಸಿದವನು ಆ ಆಂಜನೇಯನೇ ಎಂದು ನಾನು ನಂಬಿದ್ದೇನೆ. ಎರಡನ್ನೂ ಹಿಂದಿರುಗಿಸಲು ಹೋದಾಗ ಮಗಳು ಅಂಗಡಿಯವರ ಕ್ಷಮೆ ಕೇಳಿದಳು. "ಅಯ್ಯೋ, ಬಿಡಿ ಮೇಡಂ. ಮೊದಲು ಕಿವಿ ನೋಡ್ಕೊಳ್ಳಿ, ಇವು ಎಲ್ಲೂ ಹೋಗಲ್ಲ" ಎಂದರು.

ಮತ್ತೆ ಪರೀಕ್ಷೆಗೆ ಹೋದ ದಿನ ಅದೇ ಗಾಜು, ಅದೇ ಸವೆದ ಹೆಡ್‌ಫೋನು. ಅವಳು ಕಣ್ಣು ಮುಚ್ಚಿದ್ದಳು. ಹೆಬ್ಬೆರಳು ಒತ್ತಿತು. ನಿಂತಿತು. ತುಂಬಾ ಹೊತ್ತು ನಿಂತಿತು. ಮತ್ತೆ ಒತ್ತಿತು.

"ಈಗ ಯಾವ ಕಡೆಯಮ್ಮಾ?" ಎಂದು ಯಂತ್ರದ ಹುಡುಗಿಯನ್ನು ಕೇಳಿದೆ.

ಆ ಹುಡುಗಿ ತನ್ನ ಎಡಗಿವಿಯನ್ನು ಮುಟ್ಟಿ ತೋರಿಸಿದಳು.